ಫೋಕಸ್ಸು ತಪ್ಪಿಸಿ ತೆಗೆದ ಪಟ

ಕಳೆದ ಭಾನುವಾರ ಬೀರು ತೆರವುಗೊಳಿಸುತ್ತಿದ್ದಾಗ ಹಳೆಯ ಲಕೋಟೆಯೊಂದು ಕೈಗೆ ಬಂದು, ಫೋಟೋ ತೊಳೆಯುವ ಹೈಪೋ ದ್ರಾವಣದ ಹುಳಿವಾಸನೆ ಮೂಗಿಗೆ ತಾಗಿತೆಂಬುದನ್ನು ಓದುಗ ಮಹಾಶಯರ ಅವಗಾಹನೆಗೆ ತರಬಯಸುತ್ತೇನೆ. ಒಳಗೆ ಮೂರು ಪಟಗಳಿದ್ದವು. ಎರಡು, ಒಂದೇ ವಸ್ತುವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನಾನೇ ಎರಡು ಸಲ ತೆಗೆದವು. ಮೂರನೆಯದು, ಮಂಡ್ಯದ ಸ್ಟುಡಿಯೋದಲ್ಲಿ ಎರವಲು ಕೋಟಿನೊಳಗೆ ನಿಂತ ನನ್ನದು. ಹೆಣ್ಣಿನ ಮನೆಗೆ ಕಳುಹಿಸಲೆಂದೇ ತೆಗೆಸಿದ್ದು.

ಎಪ್ಪತ್ತರ ದಶಕದ ಮಾತು. ಬೆಂಗಳೂರಿನಲ್ಲಿ ಸಂಶೋಧನೆ ಮಾಡುತ್ತಿದ್ದ ನಾನು ನಮ್ಮೂರಾದ ಮದ್ದೂರಿನಿಂದ ಮಳವಳ್ಳಿಗೆ ಹೆಣ್ಣು ನೋಡಲು ಹೋದೆ. ಅದಕ್ಕೂ ಮೊದಲು ಎರಡು ಮನೆಯವರು, ಹುಡುಗನ ಕೆಲಸವೇನೆಂದು ಅರ್ಥವಾಗದ ಕಾರಣ, ನನ್ನನ್ನು ಕೈಬಿಟ್ಟಿದ್ದರು. ಆದಕಾರಣ ಈ ಸಲ ಪುರಾವೆ ಸಮೇತ ಹಾಜರಾಗಿದ್ದೆ.

ಹೆಣ್ಣಿನ ಸೋದರಮಾವ, ಬೆಳಕವಾಡಿಯ ಬೇಸಾಯಗಾರರು, ಉಪ್ಪಿಟ್ಟಿನ ತಟ್ಟೆ ಸರಿಸಿ ನನ್ನ ಎರಡು ಪಟಗಳನ್ನು ಬೆಳಕಿಗೆ ಹಿಡಿದರು.

“ಇದ್ರಲ್ಲೇನೂ ಇಲ್ವಲ್ಲಪ್ಪಾ. ಇನ್ನೊಂದು ಮಬ್ಬಾಗೋಗದೆ. ಕೈ ಅಳ್ಳಾಡ್ಬುಡ್ತಾ?”

“ಇಲ್ಲ. ಉದ್ದೇಶಪೂರ್ವಕವಾಗಿ ಫೋಕಸ್ಸು ತಪ್ಪಿಸಲಾಗಿದೆ,” ಎಂದೆ.

“ಬೇಕಂತ್ಲೇ ಕೆಡ್ಸದಾ! ಇದ್ಕೆ ಸಂಬ್ಳ ಬೇರೆ ಕೊಟ್ಟಾರಾ? ಕೇಳ್ದಾ ಭಾವ, ನಮ್ಮೂರ ಪಟದೋನು ಪುಗಸಟ್ಟೆ ಕೆಡಿಸ್ಕೊಡ್ತಾನೆ!”

ಹೆಣ್ಣಿನ ತಂದೆ ನಗು ತಡೆದುಕೊಂಡರು. ನಾನು ವಿವರಣೆಗೆ ತೊಡಗಿದೆ. ವಸ್ತು ತೀರ ತೆಳುವಾಗಿದ್ದರೆ ಎಲೆಕ್ಟ್ರಾನಿನ ಅಲೆ ಕುಂದದೆ ಹಾದುಹೋಗುತ್ತದೆ, ಕೊಂಚ ಹಿಂದುಮುಂದಾಗುತ್ತದೆ ಅಷ್ಟೆ. ಫಿಲ್ಮು ಬೆಳಕು ಕತ್ತಲೆಗಳನ್ನು ಮಾತ್ರ ಉಳಿಸಿಕೊಂಡು ಆ ಹಿಂದುಮುಂದನ್ನು ಕಳೆದುಬಿಡುತ್ತದೆ. ಆದ್ದರಿಂದ ಸ್ಪಷ್ಟವಾದ ಪಟದಲ್ಲಿ ಏನೂ ಕಾಣದು. ಕೆಡಿಸಿದ ಪಟದಲ್ಲಿ ಸುಳಿವು ಸಿಗುತ್ತದೆ. ಒಂದನ್ನು ನೋಡಿ ಊಹಿಸಿ, ಇನ್ನೊಂದಕ್ಕೆ ತಾಳೆ ಹಾಕಿ, ತಿದ್ದಿ, ಮತ್ತೆ ಮೊದಲನೆಯದಕ್ಕೆ ಮರಳುತ್ತ ಗಣಕಯಂತ್ರವು ಕಳೆದದ್ದನ್ನು ಹುಡುಕುತ್ತದೆ. ಇಷ್ಟು ಹೇಳುವಷ್ಟರಲ್ಲಿ ನಾನು ಬೆವರಿ, ತೊದಲಿ, ಕಾಫಿಯನ್ನು ಷರಟಿನ ಮೇಲೆ ಚೆಲ್ಲಿಕೊಂಡಿದ್ದೆ.

“ಈ ಸಂಬಂದ ಬ್ಯಾಡ ಬುಡು ಭಾವ,” ಎಂದು ಮಾವ ಎದ್ದರು.

ಆಗ ಬಾಗಿಲ ಬಳಿಯಿಂದ, ಮಂಡ್ಯದಲ್ಲಿ ಬಿ.ಎಸ್ಸಿ. ಓದಿದ್ದ ಹುಡುಗಿ ಮಾತಾಡಿದಳು: “ಇರು ಮಾವ. ಇವ್ರು ಕಳಿಸಿದ್ದ ಪಟ ಬಲು ಚೆಂದಾಗಿತ್ತು. ಅದ್ರಲ್ಲಿ ನಂಗೇನೂ ಕಾಣ್ನಿಲ್ಲ. ಈಗ ಕೊಂಚ ಕಾಣ್ತಾವ್ರೆ.”

“ಏನವ್ವಾ ಕಂಡಿದ್ದು?”

“ಕೈ ನಡುಗ್ತದೆ. ಸುಳ್ಳು ಹೇಳಕ್ ಬರಾಕಿಲ್ಲ.”

“ನೋಡ್ಕೊ ತಾಯಿ, ಆಮೇಕೆ ನನ್ನ ಅನ್ಬ್ಯಾಡ,” ಎಂದು ಮಾವ ಮತ್ತೆ ಕುಳಿತು ಉಪ್ಪಿಟ್ಟಿನ ತಟ್ಟೆಯನ್ನು ಹತ್ತಿರಕ್ಕೆಳೆದುಕೊಂಡರು.

ಕಳೆದ ಭಾನುವಾರ ಬೀರುವಿನ ಮುಂದೆ ಅದೇ ಹುಡುಗಿ, ಕನ್ನಡಕವನ್ನು ಹಣೆಗೇರಿಸಿ, ಮೂರು ಪಟಗಳನ್ನೂ ಪರಿಶೀಲಿಸಿದಳು. “ಇವೆರಡೂ ಜೋಡಿ, ಇಟ್ಕೊಳ್ಳಿ. ಈ ಕೋಟಿಂದು ಬಿಸಾಕಿ. ಇದ್ರಲ್ಲಿ ಯಾರೂ ಇಲ್ಲ.”

ಸ್ಟುಡಿಯೋದವನು ತಿದ್ದಿ ನುಣುಪು ಮಾಡಿದ್ದ ಆ ಮುಖವನ್ನು ಬಹಳ ಹೊತ್ತು ನೋಡಿದೆ. ಆಕ್ಷೇಪಣೆ ಸಲ್ಲಿಸಲು ಆಧಾರ ದೊರೆಯಲಿಲ್ಲ. ಪಟವನ್ನು ರದ್ದಿಗೆ ಹಾಕಿದೆ.