ಅಪ್ಪನ ಗಾಡಿಗೆ ಪಿಕಪ್ ಹಾಕಿಸಿದ್ದು

ಬೈಲಹೊಂಗಲದ ನಮ್ಮ ಮನೆಯ ಪಡಸಾಲೆಯಲ್ಲಿ, ಜೋಳದ ಚೀಲಗಳ ಪಕ್ಕ ಒಂದು ಕಂಪ್ಯೂಟರ್ ಬಂದು ಕೂತಾಗ ನಾನು ಬಿ.ಕಾಂ. ಎರಡನೇ ವರ್ಷದಲ್ಲಿದ್ದೆ. ಎರಡು ಸಾವಿರದ ಇಸವಿಯ ಆಚೀಚೆ. ಇಡೀ ತಾಲೂಕಿನಲ್ಲಿ ಕಂಪ್ಯೂಟರ್ ಬಲ್ಲವನು ನಾನೊಬ್ಬನೇ ಎಂದು ನಂಬಿದ್ದ ಕಾಲ ಅದು. ಆ ಯಂತ್ರವೋ, ಹುಬ್ಬಳ್ಳಿಯ ಯಾವುದೋ ಆಫೀಸಿನವರು ಸಾಕಾಗಿ ಮಾರಿದ್ದು. ಆನ್ ಮಾಡಿದರೆ ಅದು ಎಚ್ಚರಾಗುವಷ್ಟರಲ್ಲಿ ಅವ್ವ ನಾಲ್ಕು ರೊಟ್ಟಿ ಬಡಿದು ಬುಟ್ಟಿಗೆ ಹಾಕುತ್ತಿದ್ದಳು. ಕಾಲೇಜಿನ ಅಭ್ಯಾಸಕ್ಕೆ ಬೇಕೇ ಬೇಕು ಎಂದು ಅತ್ತು ಕರೆದು ತರಿಸಿದ್ದೆ. ಅಭ್ಯಾಸದ ಮಾತು ಬಿಡಿ, ಅದರಲ್ಲಿ ನಾನು ದಿನಾ ತೆರೆಯುತ್ತಿದ್ದದ್ದು ಒಂದು ಹಳೇ ಕಾರ್ ರೇಸಿನ ಆಟ.

ಅಪ್ಪ ಸರಕಾರಿ ಬಸ್ಸಿನ ಡ್ರೈವರ್ ಆಗಿದ್ದ. ಇಪ್ಪತ್ತಾರು ವರ್ಷ ಮುರಗೋಡದ ಮೇಲೆ ಹಾದು ರಾಮದುರ್ಗಕ್ಕೆ ಹೋಗುವ ಗಾಡಿ ಹೊಡೆದವನು. ಹುಣ್ಣಿಮೆ ಬಂದರೆ ಸವದತ್ತಿ ಗುಡ್ಡದ ಜಾತ್ರೆಗೆ ಹೆಚ್ಚಿಗೆ ಬಿಡುವ ಜಾದಾ ಬಸ್ಸೂ ಅವನ ಪಾಲಿಗೇ ಬರುತ್ತಿತ್ತು. ಒಂದು ನಾಯಿಗೂ ಗಾಲಿ ತಾಗಿಸಿದವನಲ್ಲ. ಕಂಪ್ಯೂಟರ್ ಬರುವುದಕ್ಕೆ ಆರು ತಿಂಗಳು ಮುಂಚೆ ಕಣ್ಣಿನ ತಪಾಸಣೆ ಆಗಿ ಅವನನ್ನು ಸ್ಟೇರಿಂಗಿನಿಂದ ಇಳಿಸಿದರು. ಎದುರಿಗಿದ್ದದ್ದು ಚೆನ್ನಾಗಿಯೇ ಕಾಣುತ್ತಿತ್ತು, ಎರಡೂ ಬದಿಯದು ಕಾಣುತ್ತಿರಲಿಲ್ಲ. ಡಿಪೋದ ಗೇಟಿನಲ್ಲಿ ಕುರ್ಚಿ ಹಾಕಿ ಕೂರಿಸಿ, ಬಂದ ಗಾಡಿ ಹೋದ ಗಾಡಿ ಬರೆದುಕೊಳ್ಳುವ ಕೆಲಸ ಕೊಟ್ಟರು.

"ಕಣ್ಣ ಕಾಣದ್ದು ಆ ಡಾಕ್ಟರಗ! ಇವರಿಗೇನಾಗೇತಿ, ಸೂಜ್ಯಾಗ ದಾರ ಪೋಣಿಸ್ತಾರ," ಎಂದು ಅವ್ವ ಬೈಯದ ದಿನವಿರಲಿಲ್ಲ. ನಾನೂ ದನಿಗೂಡಿಸುತ್ತಿದ್ದೆ. ಅಪ್ಪ ಮಾತ್ರ ಒಂದು ಮಾತೂ ಆಡುತ್ತಿರಲಿಲ್ಲ. ಆಡದೆ ಆಡದೆ ಕಡೆಗೆ ಮನೆಯಲ್ಲಿ ಯಾವ ಮಾತನ್ನೂ ಆಡದವನಾದ. ಡಿಪೋದಿಂದ ಬಂದು ಕಾಲು ತೊಳೆದು ಗೋಡೆಗೆ ಒರಗಿ ಕೂತರೆ ಊಟಕ್ಕೇ ಏಳುವುದು. ಹಾಗೆ ಕೂತಲ್ಲೇ ಅವನ ಎಡಗಾಲು ತನ್ನಷ್ಟಕ್ಕೆ ತಾನು ಕ್ಲಚ್ ಒತ್ತುತ್ತಿತ್ತು.

ಒಂದು ಐತವಾರ ಮಧ್ಯಾಹ್ನ ನಾನು ಆಟ ಆಡುತ್ತಿದ್ದಾಗ ಬೆನ್ನ ಹಿಂದೆ ಬಂದು ನಿಂತ. ಸ್ವಲ್ಪ ಹೊತ್ತು ನೋಡಿ ಕೇಳಿದ:

"ಇದರ ಬ್ರೇಕ್ ಎಲ್ಲೈತಿ?"

ರೇಸಿನ ಆಟ ಕಂಡು ಮೊಟ್ಟಮೊದಲು ಬ್ರೇಕು ಕೇಳಿದವನನ್ನು ನಾನು ಅವತ್ತೇ ನೋಡಿದ್ದು. ನಾನಂತೂ ಅಷ್ಟು ದಿನ ಆಡಿದರೂ ಬ್ರೇಕಿನ ಕೀಲಿ ಯಾವುದೆಂದು ಹುಡುಕಿರಲಿಲ್ಲ. ಇಬ್ಬರೂ ಸೇರಿ ಹುಡುಕಿದೆವು. ಸಿಕ್ಕಿತು. ಅಪ್ಪ ಕೀಬೋರ್ಡಿಗೆ ಬಲಗೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡು ಕೂತ.

ಆ ಆಟದಲ್ಲಿ ರಸ್ತೆ ಎದುರಿಗೆ ಹಾವಿನ ಹಾಗೆ ಸುತ್ತಿಕೊಂಡು ಬರುತ್ತದೆ, ಬೇರೆ ಕಾರುಗಳು ಅಕ್ಕಪಕ್ಕದಿಂದ ನುಗ್ಗುತ್ತವೆ, ಹೊತ್ತು ಮುಗಿಯುವುದರೊಳಗೆ ಊರು ಮುಟ್ಟಬೇಕು. ನಮ್ಮ ಯಂತ್ರದಲ್ಲಿ ಎಲ್ಲವೂ ಕೆಸರಲ್ಲಿ ನಡೆದ ಹಾಗೆ ನಡೆಯುತ್ತಿತ್ತು. ಅಪ್ಪ ಎಡಬದಿ ಬಿಡುತ್ತಿರಲಿಲ್ಲ. ತಿರುವು ಬಂದರೆ ಬ್ರೇಕು. ಹಾರ್ನಿನ ಕೀಲಿ ಇರಲಿಲ್ಲವಾದ್ದರಿಂದ ಬಾಯಲ್ಲೇ "ಪಾಂ" ಅನ್ನುತ್ತಿದ್ದ. ಹಿಂದಿನ ಕಾರುಗಳಿಗೆಲ್ಲ ಕೈಬೀಸಿ ದಾರಿ ಬಿಡುತ್ತಿದ್ದ. ಕಡೆಗೆ ಪರದೆಯ ಮೇಲೆ ಟೈಮ್ ಓವರ್ ಎಂದು ಬಂದಾಗ ನಾನು ಬಿದ್ದು ಬಿದ್ದು ನಕ್ಕೆ.

"ಏನಂತದು?"

"ಲೇಟ್ ಆತಂತಪಾ."

"ಆಗಲಿ ಬಿಡು. ಇಲ್ಲೇನ ಸ್ಟ್ಯಾಂಡಿನ ಕಂಟ್ರೋಲರ್ ಕುಂತಿಲ್ಲಲಾ, ಕೇಳಾಕ," ಎಂದು ಅವನೂ ನಕ್ಕ. ಬಸ್ಸು ಇಳಿದ ಮೇಲೆ ಅವನು ನಕ್ಕದ್ದು ಅದೇ ಮೊದಲು. ಅಡುಗೆಮನೆಯಿಂದ ಅವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದು ನೋಡಿದಳು.

ಅಂದಿನಿಂದ ಡಿಪೋದಿಂದ ಬಂದವನೇ ಕಂಪ್ಯೂಟರಿನ ಮುಂದೆ ಕೂರತೊಡಗಿದ. ಅವ್ವ ಚಹಾ ತಂದು ಪಕ್ಕದಲ್ಲಿಡುವಳು. ಊಟಕ್ಕೆ ಕೂತಾಗ, "ಇವತ್ತ ಮೂರನೇ ತಿರುವಿನ್ಯಾಗ ಒಬ್ಬಾಂವ ಅಡ್ಡ ಬಂದಾ ನೋಡು," ಎಂದು ಶುರುಮಾಡಿದರೆ ಅನ್ನ ಆರುವವರೆಗೂ ಮಾತು. ಮನೆಗೆ ಜೀವ ಬಂದಿತ್ತು. ಆ ಜೀವವನ್ನು ತೆಗೆದ ಪುಣ್ಯಾತ್ಮ ಯಾರೆಂದು ಇನ್ನು ಹೇಳಬೇಕು.

ಒಂದು ಸಂಜೆ ಆಟ ಮುಗಿಸಿ ಎದ್ದವನು, "ನಿನ್ನ ಗಾಡಿ ಭಾಳ ಸಾವಕಾಶ ಐತಿ ನೋಡು," ಎಂದ.

ನನ್ನ ಕಿವಿ ನೆಟ್ಟಗಾಯಿತು. ಕಿತ್ತೂರಿನಲ್ಲಿ ಗೆಳೆಯನೊಬ್ಬನ ಮನೆಯಲ್ಲಿ ಬಂದೂಕು ಹಿಡಿದು ಓಡಾಡುವ ಹೊಸ ಆಟ ಆಡಿ ಬಂದಿದ್ದೆ. ಅದನ್ನು ನಮ್ಮ ಯಂತ್ರಕ್ಕೆ ಹಾಕಿದರೆ ಸಿಪಾಯಿ ಒಂದು ಹೆಜ್ಜೆ ಎತ್ತಿ, ಇಡಲೋ ಬೇಡವೋ ಎಂದು ಯೋಚಿಸುತ್ತ ನಿಲ್ಲುತ್ತಿದ್ದ. ಯಂತ್ರದ ಒಳಗಿನದೆಲ್ಲ ಬದಲಿಸಬೇಕೆಂದು ತಿಂಗಳಿಂದ ತಳಮಳಿಸುತ್ತಿದ್ದೆ, ನೆಪ ಸಿಕ್ಕಿರಲಿಲ್ಲ. ಈಗ ಅಪ್ಪನೇ ಗಾಡಿ ನಿಧಾನ ಎಂದು ದೂರುತ್ತಿದ್ದಾನೆ! "ಅಪ್ಪನ ಸಲುವಾಗಿ" ಎಂದು ಅವ್ವನಿಗೆ ಹೇಳಿದೆ. ಹೇಳುವಾಗ ಕಣ್ಣು ಕೂಡ ಒರೆಸಿಕೊಂಡೆ. ಅಷ್ಟು ಚೆನ್ನಾಗಿ ನನಗೆ ನಾನೇ ಸುಳ್ಳು ಹೇಳಿಕೊಳ್ಳುತ್ತಿದ್ದೆ.

ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿಯ ಸಣ್ಣ ಅಂಗಡಿಯೊಂದಿತ್ತು. ಅಂಗಡಿಯವನು ನನ್ನ ಹಳೇ ಬೋರ್ಡು, ಮೇಲೆ ಅವ್ವ ಕೊಟ್ಟ ದುಡ್ಡು ತಗೊಂಡು, ಹೊಸ ಬೋರ್ಡು, ಪ್ರೊಸೆಸರ್, ರ‍್ಯಾಮ್ ಕೊಡುವುದಕ್ಕೆ ಒಪ್ಪಿದ. "ನಾನೇ ಬಂದು ಕುಂಡ್ರಿಸಿ ಕೊಡ್ತೇನ್ರಿ," ಎಂದ. ನಾನು ಬಿಡಬೇಕಲ್ಲ! "ನನಗ ಬರತೇತ್ರಿ," ಎಂದು ಹೊತ್ತು ತಂದೆ.

ಡಬ್ಬಿ ಬಿಚ್ಚಿದರೆ ಒಳಗೆ ಒಂದು ಹೊಲಕ್ಕಾಗುವಷ್ಟು ಎರೆಮಣ್ಣು, ಜೊತೆಗೆ ಎರಡು ಹಲ್ಲಿ ಮೊಟ್ಟೆ. ಸೈಕಲ್ ಪಂಪು ತಂದು ಗಾಳಿ ಹೊಡೆದೆ. ಅಷ್ಟೂ ಧೂಳು ಒಣಹಾಕಿದ್ದ ಸಂಡಿಗೆಯ ಮೇಲೆ ಹೋಗಿ ಕೂತಿತು. ಅವ್ವ ಎತ್ತಿದ ಬೈಗುಳ ಓಣಿಗೆಲ್ಲ ಕೇಳಿಸಿತು. ಜೋಡಿಸಿ ಮುಗಿಸಿದಾಗ ಮೂರು ಸ್ಕ್ರೂ ಕೈಯಲ್ಲೇ ಉಳಿದಿದ್ದವು. ತಯಾರಿಸಿದವರು ದಂಡಕ್ಕೆ ಹಾಕಿದ್ದಿರಬೇಕು ಎಂದುಕೊಂಡು ಕಿಸೆಗೆ ಹಾಕಿದೆ. ಗುಂಡಿ ಒತ್ತಿದೆ. ಪರದೆ ಬೆಳಗಿತು! ನನ್ನ ಸಿಪಾಯಿ ಬಂದೂಕು ಹಿಡಿದು ಚಿಗರಿಯ ಹಾಗೆ ಓಡಿದ. ನನಗೆ ಎರಡು ಕೋಡು ಮೂಡಿದವು. ಹಳೇ ಬೋರ್ಡನ್ನು ಆಗಲೇ ಅಂಗಡಿಗೆ ಮುಟ್ಟಿಸಿ ಬಂದೆ.

ಸಂಜೆ ಅಪ್ಪ ಬಂದ. "ಕುಂಡ್ರಪಾ, ಈಗ ನೋಡು ಗಾಡಿ ಹೆಂಗ ಹೊಂಟೇತಿ," ಎಂದು ಕುರ್ಚಿ ಒರೆಸಿ ಕೊಟ್ಟೆ. ಅವನು ಎಂದಿನಂತೆ ಕೀಬೋರ್ಡು ಮುಟ್ಟಿ ಕಣ್ಣಿಗೊತ್ತಿಕೊಂಡು, ಮೆಲ್ಲಗೆ ಕೀಲಿ ಒತ್ತಿದ.

ಕಾರು ಗುಂಡಿನ ಹಾಗೆ ಹಾರಿ ಕಲ್ಲಿಗೆ ಬಡಿಯಿತು. ಅಪ್ಪ ಬೆಚ್ಚಿ ಕೈ ತೆಗೆದ. ಮತ್ತೆ ಹೊರಟ. ಬದಿಯಿಂದ ಒಂದು ಕಾರು ಬಂದದ್ದು ಅವನಿಗೆ ಕಾಣಲೇ ಇಲ್ಲ. ಕಂಡಾಗ ಆಗಲೇ ಗುದ್ದಿಯಾಗಿತ್ತು. ಮತ್ತೆ ಹೊರಟ. ಬ್ರೇಕು ಹುಡುಕಿದ ಬೆರಳು ಬೇರೆಲ್ಲೋ ಬಿತ್ತು. ಹಣೆಯಲ್ಲಿ ಬೆವರೊಡೆದಿತ್ತು. ನಾನೋ, ಹಿಂದೆ ನಿಂತು, "ಲಗೂ ಹೊಳ್ಳಿಸು, ಲಗೂ!" ಎಂದು ಕೂಗುತ್ತಿದ್ದೆ. ಐದನೇ ಸಲ ಗುದ್ದಿದ ಮೇಲೆ ಅಪ್ಪ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡ.

"ಚಲೋ ಆಗೇತಿ. ಭಾರಿ ಪಿಕಪ್ ಬಂದೈತಿ. ನೀ ಹೊಡಿ," ಎಂದು ಎದ್ದು ಹೋಗಿ ಗೋಡೆಗೆ ಒರಗಿ ಕೂತ.

ಮರುದಿನ ಕಂಪ್ಯೂಟರಿನ ಕಡೆ ಬರಲಿಲ್ಲ. ಅದರ ಮರುದಿನವೂ. ವಾರ ಕಳೆಯಿತು. ಊಟಕ್ಕೆ ಕೂತರೆ ರೊಟ್ಟಿ ಮುರಿಯುವ ಸಪ್ಪಳ ಬಿಟ್ಟರೆ ಬೇರೆ ಸಪ್ಪಳವಿಲ್ಲ. ಅವ್ವ ನನ್ನನ್ನು ಹಿತ್ತಲಿಗೆ ಎಳೆದೊಯ್ದಳು.

"ಏನ ಮಾಡೀದಿ ಅದಕ? ಮುಟ್ಟವಲ್ರು."

"ಸಾವಕಾಶ ಐತಿ ಅಂತ ಅಪ್ಪನೇ ಅಂದಿದ್ನಲ್ಲ!"

ಅವ್ವ ಹಣೆ ಬಡಿದುಕೊಂಡಳು. "ಲೇ ಮಂಗ್ಯಾ! ಇಪ್ಪತ್ತಾರು ವರ್ಷದಾಗ ಅವರು ಯಾವುದರೆ ಗಾಡಿ ಹೊಗಳಿದ್ರ ಅದೊಂದ ಮಾತಿಲೆ ಹೊಗಳ್ಯಾರ. ಸಾವಕಾಶ ಹೊಕ್ಕೇತಿ ಅಂದ್ರ ಮಂದಿ ಮೈ ಅಲಗಾಡಂಗಿಲ್ಲ, ಹೇಳಿದ ಮಾತ ಕೇಳತೇತಿ ಅಂತ. ನಿನಗ ಅಷ್ಟೂ ತಿಳಿಲಿಲ್ಲ?"

ತಿಳಿದಿರಲಿಲ್ಲ. ಹುಟ್ಟಿದಾಗಿನಿಂದ ಕೇಳಿದ ಮಾತು, ಬಸ್ ಹತ್ತುವವರಿಗೆಲ್ಲ ನಮ್ಮೂರವರು "ಸಾವಕಾಶ ಹೋಗಿ ಬರ್ರಿ" ಎಂದೇ ಕಳಿಸುವುದು. ಕಾಲೇಜು ಕಲಿತ ನಾನು ಅದನ್ನು ಸ್ಲೋ ಎಂದು ತಿಳಿದು ಅಪ್ಪನ ಗಾಡಿಯನ್ನು ಹಾಳು ಮಾಡಿದ್ದೆ. ನನ್ನ ತಲೆಗೊಂದು ಕಲ್ಲು ಹಾಕಿಕೊಳ್ಳಬೇಕು ಅನ್ನಿಸಿತು.

ಅಂಗಡಿಗೆ ಓಡಿದೆ. "ಅಣ್ಣಾರ, ಕಂಪ್ಯೂಟರ್ ಸ್ಲೋ ಮಾಡಬೇಕಾಗಿತ್ರಿ."

"ಸ್ಲೋ ಆಗೇತೇನ್ರಿ?"

"ಇಲ್ರಿ, ಆಗಿಲ್ಲ. ಆಗಬೇಕ್ರಿ."

ಅವನು ಕೈಯಲ್ಲಿದ್ದ ಬೆಸುಗೆ ಹಾಕುವ ಕಡ್ಡಿ ಕೆಳಗಿಟ್ಟ. "ಮೊನ್ನೆರೆ ಫಾಸ್ಟ್ ಮಾಡ್ರಿ ಅಂತ ಜೀವಾ ತಿಂದ್ರಿ!" ಹಳೇ ಆಟಗಳಿಗೆ ಸ್ವಂತ ಗಡಿಯಾರವಿಲ್ಲ, ಯಂತ್ರ ಎಷ್ಟು ಜೋರು ಓಡುತ್ತದೋ ಅಷ್ಟೇ ಜೋರು ಅವೂ ಓಡುತ್ತವೆ ಎಂದು ಅವನೇ ತಿಳಿಸಿ ಹೇಳಿದ. ನಮ್ಮ ಡಬ್ಬಿಯ ಮುಂದೆ ವೇಗ ತಗ್ಗಿಸುವ ಟರ್ಬೋ ಗುಂಡಿಯೊಂದಿತ್ತು ನಿಜ, ಆದರೆ ಹೊಸ ಬೋರ್ಡಿನಲ್ಲಿ ಅದರ ವೈರು ಸಿಕ್ಕಿಸುವ ಜಾಗವೇ ಇರಲಿಲ್ಲ. ಹಳೇ ಬೋರ್ಡೇ ಬೇಕು. ಅದನ್ನು ಅವನು ರಾಮದುರ್ಗದ ಟೈಪಿಂಗ್ ಕ್ಲಾಸಿಗೆ ಕೊಟ್ಟುಬಿಟ್ಟಿದ್ದ.

(ಯಂತ್ರವನ್ನು ನಿಧಾನ ಮಾಡುವುದಕ್ಕೆಂದೇ ಒಂದು ಚೋಟುದ್ದದ ಪ್ರೋಗ್ರಾಮು ಇತ್ತೆಂದು, ಅದನ್ನು ಹಾಕಲು ಎರಡು ನಿಮಿಷ ಸಾಕಿತ್ತೆಂದು ನನಗೆ ತಿಳಿದದ್ದು ನಾಲ್ಕು ವರ್ಷದ ಮೇಲೆ. ಆ ಮಾತು ಇಲ್ಲಿ ಬೇಡ.)

ಹೊಸ ಬೋರ್ಡು ಬಿಚ್ಚಿ, ಹಳೇ ಪೇಪರಿನಲ್ಲಿ ಸುತ್ತಿ, ಕೈಚೀಲದಲ್ಲಿಟ್ಟುಕೊಂಡು ರಾಮದುರ್ಗದ ಬಸ್ಸು ಹತ್ತಿದೆ. ಡ್ರೈವರ್ ಹಿಂದಿನ ಸೀಟು ಸಿಕ್ಕಿತು. ಯಾರೋ ಹೊಸಬ, ಕುಣಿಗಳ ಮೇಲೆ ಎತ್ತೆತ್ತಿ ಹಾಕುತ್ತ ಹೊಡೆಯುತ್ತಿದ್ದ. ಪಕ್ಕದ ಮುದುಕಿಯೊಬ್ಬಳು ಮುಂದಿನ ಸರಳು ಗಟ್ಟಿಯಾಗಿ ಹಿಡಿದುಕೊಂಡು, "ಎಪ್ಪಾ, ಸಾವಕಾಶ ಹೊಡಿಯೋ," ಎಂದು ಮೊರೆಯಿಟ್ಟಳು. ನಾನು ಬೋರ್ಡನ್ನು ಎದೆಗವಚಿಕೊಂಡು ಕೂತೆ.

ಟೈಪಿಂಗ್ ಕ್ಲಾಸಿನ ಯಜಮಾನರು ಬಿಳೀ ಗಡ್ಡದ ಚಾಚಾ. ನನ್ನ ಹೊಸ ಬೋರ್ಡು ಇಟ್ಟುಕೊಂಡು ಹಳೇದು ಕೊಡಿ ಎಂದೆ.

"ಹೊಸಾದು ಕೆಟ್ಟೇತೇನಪಾ?"

"ಇಲ್ರಿ ಚಾಚಾ, ಭಾರಿ ಓಡತೇತ್ರಿ."

ಅವರು ಕನ್ನಡಕ ಏರಿಸಿ ನನ್ನನ್ನು ಕಾಲಿಂದ ತಲೆಯವರೆಗೆ ನೋಡಿದರು. "ಬೇಟಾ, ಮನ್ಯಾಗ ಹಿರ್ಯಾರು ಯಾರರೆ ಅದಾರೇನು?"

"ಅದಾರ್ರಿ. ಅವರ ಸಲುವಾಗಿನೇ ಬಂದೇನ್ರಿ."

ಎಲ್ಲ ಕೇಳಿಸಿಕೊಂಡ ಮೇಲೆ ಅವರು ತಾವೇ ಕೂತು ಬೋರ್ಡು ಬಿಚ್ಚಿ ಕೊಟ್ಟರು. ರಾಮದುರ್ಗದ ಅತಿ ವೇಗದ ಕಂಪ್ಯೂಟರ್ ಅವತ್ತಿನಿಂದ ಅರ್ಜಿ ಟೈಪು ಮಾಡುವ ಕೆಲಸಕ್ಕೆ ಬಿತ್ತು, ಮತ್ತು ನನ್ನ ಸಿಪಾಯಿ ಹೋದವನು ಹೋದ.

ಮರುದಿನ ಐತವಾರ. ಹಳೇ ಬೋರ್ಡು ಕೂರಿಸಿ, ಅಪ್ಪನಿಗೆ ಹೇಳಲು ಸುಳ್ಳೊಂದು ಸಿದ್ಧ ಮಾಡಿಕೊಂಡಿದ್ದೆ.

"ಅಪ್ಪಾ, ಕರೆಂಟ್ ಜಾಸ್ತಿ ಬಂದು ಹೊಸಾದು ಸುಟ್ಟತು. ಹಳೇದೇ ಹಾಕೇನಿ."

ಅವನು ಬಂದು ಕೂತ. ಕೀಬೋರ್ಡು ಮುಟ್ಟಿ ಕಣ್ಣಿಗೊತ್ತಿಕೊಂಡ. ಕಾರು ಹೊರಟಿತು, ಕೆಸರಲ್ಲಿ ನಡೆದ ಹಾಗೆ. ಎಡಬದಿ ಹಿಡಿದ. ಮೊದಲ ತಿರುವು, ಬ್ರೇಕು. ಎರಡನೇ ತಿರುವು, ಬ್ರೇಕು. ಬದಿಯಿಂದ ಬಂದ ಕಾರಿಗೆ ದಾರಿ ಬಿಟ್ಟ.

"ಸುಟ್ಟ ವೈರಿನ ವಾಸನಿ ನನಗ ಗೊತ್ತೈತಿ," ಎಂದ, ಪರದೆಯಿಂದ ಕಣ್ಣು ತೆಗೆಯದೆ. "ಮನ್ಯಾಗ ಎಲ್ಲೂ ಬಂದಿಲ್ಲ."

ಸಿಕ್ಕಿಬಿದ್ದೆ. ಎಲ್ಲ ಒಪ್ಪಿಕೊಂಡೆ. ಒಪ್ಪಿಕೊಳ್ಳುತ್ತ ಸಿಟ್ಟೂ ಬಂತು. "ಆ ಡಾಕ್ಟರ ನಿನ್ನ ಗಾಡಿ ಮ್ಯಾಲಿಂದ ಇಳಿಸಿದಾ. ಮನ್ಯಾಗ ನಾನೂ ಅದನ್ನೇ ಮಾಡಿದ್ನಿ ಅನಿಸ್ತಪಾ."

ಅಪ್ಪ ತಿರುವು ದಾಟಿಸಿಕೊಂಡ. ಅಡುಗೆಮನೆಯ ಕಡೆ ಕಿವಿಯಿಟ್ಟು, ದನಿ ತಗ್ಗಿಸಿದ.

"ಡಾಕ್ಟರ ಇಳಿಸಲಿಲ್ಲ. ಅಂವ ಪಾಸ್ ಅಂತ ಬರ್ದಿದ್ದಾ. ನಾನೇ ಅವನ ಕೈ ಹಿಡಿದ್ನಿ. ಸಾಹೇಬ್ರ, ಬದಿಗೆ ಬಂದದ್ದು ಕಾಣವಲ್ದು, ನನ್ನ ಇಳಸ್ರಿ ಅಂದ್ನಿ."

ಮುಂದಿನ ತಿರುವಿಗೆ ಬ್ರೇಕು ಒತ್ತಿ ಅವನೇ ಮುಂದುವರಿಸಿದ.

"ಬಸ್ಸಿನ್ಯಾಗ ಹಿಂದ ಅರವತ್ತು ಮಂದಿ ಕುಂತಿರ್ತಾರ. ನಿದ್ದಿ ಮಾಡತಿರ್ತಾರ. ಇದರಾಗ ಯಾರೂ ಕುಂತಿಲ್ಲ ನೋಡು, ಅದಕ್ಕ ಹೊಡೀತೇನಿ."

ಕಲ್ಲು ಬಡಿದ ಹಾಗಾಯಿತು. ಅಷ್ಟು ತಿಂಗಳು ನಾನೂ ಅವ್ವನೂ ಡಾಕ್ಟರನನ್ನು ಬೈದ ಬೈಗುಳಗಳನ್ನೆಲ್ಲ ಅವನು ಗೋಡೆಗೆ ಒರಗಿ ಕೂತು ಕೇಳಿಸಿಕೊಂಡಿದ್ದ. ನನಗೆ ಅಳು ಬಂತು. ಇಪ್ಪತ್ತು ವರ್ಷದ ಗಂಡು, ಜೋಳದ ಚೀಲ ಹಿಡಿದುಕೊಂಡು ಗಟ್ಟಿಯಾಗಿಯೇ ಅತ್ತೆ. ಅಪ್ಪ ತಿರುಗಿ ನೋಡಲಿಲ್ಲ. ಎದುರಿಗೆ ಇಳಿಜಾರು ಬಂದಿತ್ತು, ಅವನ ಎರಡೂ ಕಣ್ಣು ರಸ್ತೆಯ ಮೇಲಿದ್ದವು.