ಅಬ್ಬಾ ಕಂಡ ಚಂದ್ರ

ನಾನು ಹುಟ್ಟಾ ಪುಕ್ಕಲ. ಆದ್ರೂ ಮತ್ತಿಗಿರಿಯ ಮದರಸಾದಲ್ಲಿ ಚಂದ್ರನ ಲೆಕ್ಕ ಕಲಿಸೋ ಕೆಲಸ ನನ್ನ ಪಾಲಿಗೆ ಬಂದಿತ್ತು. ಅಮಾವಾಸ್ಯೆ ಯಾವ ಗಳಿಗೆಗೆ, ಸೂರ್ಯ ಮುಳುಗಿದ ಮೇಲೆ ಚಂದ್ರ ಎಷ್ಟು ಹೊತ್ತು ನಿಲ್ತಾನೆ, ಎಲ್ಲ ಬೋರ್ಡ್ ಮೇಲೆ ಬರೆದು ತೋರಿಸ್ತಿದ್ದೆ. ಆದ್ರೆ ಹಬ್ಬ ತೀರ್ಮಾನ ಆಗೋದು ಬೋರ್ಡ್ ಮೇಲಲ್ಲ. ಕಣ್ಣಾರೆ ಕಂಡೋರು ಮಸೀದಿಗೆ ಬಂದು ಸಾಕ್ಷಿ ಹೇಳ್ಬೇಕು.

ಆ ವರ್ಷ ರಂಜಾನಿನ ಇಪ್ಪತ್ತೊಂಬತ್ತನೇ ಸಂಜೆ, ನನ್ನ ಲೆಕ್ಕದ ಪ್ರಕಾರ ಚಂದ್ರ ಸೂರ್ಯನಿಗಿಂತ ಮೊದಲೇ ಮುಳುಗಿದ್ದ. ಯಾರ ಕಣ್ಣಿಗೂ ಬೀಳೋ ಹಾಗಿರಲಿಲ್ಲ. ಮೋಡ ಬೇರೆ. ಹತ್ತಿರದ ಕೆಲಮಂಗಲದಿಂದಲೂ ಇಮಾಮರ ಮೊಬೈಲಿಗೆ ಚಂದ್ರ ಕಂಡ ಸುದ್ದಿ ಬಂದಿರಲಿಲ್ಲ. ಅವರು "ನಾಳೆಯೂ ಉಪವಾಸ" ಅಂತ ಸಾರೋಕೆ ಮೈಕ್ ಹಿಡಿದಿದ್ರು, ಅಷ್ಟರಲ್ಲಿ ನಮ್ಮ ಅಬ್ಬಾ ಏದುಸಿರು ಬಿಡ್ತಾ ಒಳಗೆ ಬಂದ್ರು.

"ನಾನ್ ಕಂಡೆ ಹಜರತ್. ಮಾಳಿಗೆ ಮೇಲಿಂದ ಕಂಡೆ."

ಜೊತೇಲಿ ಬಂದ ಪಕ್ಕದ ಮನೆಯವ್ರೂ "ಹೂಂ, ಇವ್ರು ತೋರಿಸಿದ್ರು" ಅಂದ್ಬಿಟ್ರು.

ಅಬ್ಬಾ ಸುಳ್ಳು ಹೇಳೋರಲ್ಲ. ಆದ್ರೆ ನನ್ನ ಲೆಕ್ಕವೂ ತಪ್ಪಲ್ಲ. ಸುಮ್ಮನಿದ್ರೆ ಇಡೀ ಊರು ಒಂದು ಉಪವಾಸ ಬಿಟ್ಟುಬಿಡುತ್ತೆ, ಆ ಪಾಪ ನನ್ನ ತಲೆ ಮೇಲೆ. ಬಾಯಿ ಬಿಟ್ರೆ, ಹೆತ್ತ ತಂದೆಯನ್ನ ತುಂಬಿದ ಮಸೀದೀಲಿ ಸುಳ್ಳ ಅಂದ ಹಾಗೆ. ಅತ್ತ ದರಿ, ಇತ್ತ ಪುಲಿ. ಬರೀ ಲೆಕ್ಕ ಹೇಳಿದ್ರೆ ಸಾಕ್ಷಿಯ ಎದುರು ಅದು ನಿಲ್ಲೋದೂ ಇಲ್ಲ. ಇಮಾಮರು ನನ್ನನ್ನೇ ನೋಡ್ತಿದ್ರು. ಮದರಸಾದಲ್ಲಿ ಕೇಳೋ ಪ್ರಶ್ನೆಯನ್ನೇ ಕೇಳ್ಬಿಟ್ಟೆ.

"ಅಬ್ಬಾ, ಕೊಂಬು ಯಾವ ಕಡೆ ಇದ್ವು?"

"ಕೆಳಕ್ಕೆ ಕಣ್ಲಾ. ಸೂರ್ಯ ಮುಳುಗಿದ ಕಡೆಗೆ."

ಎಳೆ ಚಂದ್ರನ ಕೊಂಬು, ಅಂದ್ರೆ ಆ ಎರಡು ಚೂಪು ತುದಿ, ಯಾವತ್ತೂ ಸೂರ್ಯನ ಕಡೆಗೆ ತಿರುಗಲ್ಲ. ಇಮಾಮರಿಗೂ ಅದು ಗೊತ್ತು. "ಮೋಡದ ಅಂಚು ಹೊಳೆದಿರ್ಬೇಕು ಭಾಯ್" ಅಂತ ಮೆಲ್ಲಗೆ ಹೇಳಿ, ನಾಳೆಯೂ ಉಪವಾಸ ಅಂತ ಸಾರಿದ್ರು. ಅಬ್ಬಾ ಚಪ್ಪಲಿ ಮೆಟ್ಕೊಂಡು, ನನ್ನ ಕಡೆ ತಿರುಗಿಯೂ ನೋಡದೆ ಹೋದ್ರು.

ಮಾರನೇ ದಿನ ಅಬ್ಬಾ ಬೆಳಗ್ಗೆ ಎಂದಿನಂತೆ ಫ್ಯಾಕ್ಟರಿ ಬಸ್ ಓಡಿಸೋಕೆ ಹೋದ್ರು, ಸಂಜೆ ಬಂದ್ರು. ಉಪವಾಸ ಬಿಟ್ಟ ಮೇಲೆ ತಾವಾಗೇ ನನ್ನನ್ನ ಮಾಳಿಗೆಗೆ ಕರೆದ್ರು. ಅಯ್ಯೋ, ಆಯ್ತು ನನ್ನ ಕಥೆ ಅಂದ್ಕೊಂಡೇ ಮೆಟ್ಟಿಲು ಹತ್ತಿದೆ. ಆಕಾಶ ಶುಭ್ರವಾಗಿತ್ತು, ಚಂದ್ರ ಎದುರಿಗೇ ಇದ್ದ, ಬೀದಿ ತುಂಬ ಕೇಕೆ. ಅಬ್ಬಾ ಕಣ್ಣು ಕಿರಿದು ಮಾಡಿ ಆ ಕಡೆ ಈ ಕಡೆ ಹುಡುಕಿದ್ರು. ಆಮೇಲೆ ನನ್ನ ತೋಳು ಹಿಡ್ಕೊಂಡ್ರು.

"ಎಲ್ಲೈತ್ಲಾ?"

ಬೆರಳು ಮಾಡಿ ತೋರಿಸ್ದೆ.

"ಕಾಣಾಕಿಲ್ಲ," ಅಂದ್ರು. "ಭಾಳ ದಿನದಿಂದ್ಲೂ ಹಿಂಗೇಯ. ಹಬ್ಬ ಮುಗೀತಿದ್ದಂಗೆ ನೈಟ್ ಶಿಫ್ಟ್ ಬಸ್ಸಿಗೆ ಹಾಕವ್ರೆ ಕಣ್ಲಾ. ಬಸ್ ತುಂಬ ಜನ ಇರ್ತಾರೆ. ಭಯ ಆಯ್ತದೆ."