ಕರುಗಳ ಭೇದಿ ಮತ್ತು ಬೆರಳಮ್ಮ

ಆ ಡೈರಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಯಜಮಾನರಿಂದ ಹಿಡಿದು ಹಾಲಿನ ವ್ಯಾನಿನ ಡ್ರೈವರ್‌ವರೆಗೆ ಎಲ್ಲರಿಗೂ ಅವಳು ಬೆರಳಮ್ಮ. ಹುಟ್ಟಿದ ಕರುವನ್ನು ತಾಯಿಯಿಂದ ಬೇರೆ ಮಾಡಿ ಬಕೆಟ್ಟಿನಲ್ಲಿ ಹಾಲು ಕುಡಿಸುವುದು ಅಲ್ಲಿನ ಪದ್ಧತಿ. ಕರುವಿಗೇನು ಗೊತ್ತು ಬಕೆಟ್ಟು? ಅದು ತಲೆ ಮೇಲೆತ್ತಿ ಕೆಚ್ಚಲು ಹುಡುಕುತ್ತದೆ. ಬೆರಳಮ್ಮ ಎರಡು ಬೆರಳನ್ನು ಅದರ ಬಾಯಿಗಿಡುವಳು. ಅದು ಚೀಪತೊಡಗಿದ ಮೇಲೆ ಕೈಯನ್ನು ಮೆಲ್ಲಗೆ ಹಾಲಿಗೆ ಇಳಿಸುವಳು. ಬೆರಳು ಚೀಪುತ್ತಿದ್ದ ಕರು ತನಗೇ ತಿಳಿಯದೆ ಹಾಲು ಕುಡಿಯುತ್ತಿರುತ್ತಿತ್ತು. ಬೇರೆಯವರು ಒದೆ ತಿಂದು ಮೈಮೇಲೆಲ್ಲ ಹಾಲು ಚೆಲ್ಲಿಕೊಳ್ಳುತ್ತಿದ್ದ ಕೆಲಸ ಅವಳಿಗೆ ನೀರು ಕುಡಿದಷ್ಟು ಸುಲಭ.

ಗಂಡ ಅದೇ ಡೈರಿಯಲ್ಲಿ ಪಂಪು, ಮೋಟಾರು ರಿಪೇರಿ ಮಾಡುವವನು. ಗಂಡನ ತಂಗಿ ಹಾಲು ಕರೆಯುವ ಯಂತ್ರ ನೋಡಿಕೊಳ್ಳುವವಳು. ಮೂವರಿಗೂ ಕೊಟ್ಟಿಗೆಯ ಹಿಂದೆ ಎರಡು ಕೋಣೆಯ ಮನೆ, ಒಂದೇ ಒಲೆ. ಅತ್ತಿಗೆ ನಾದಿನಿ ಒಂದೇ ಒಲೆಯ ಮುಂದೆ ಇಷ್ಟು ವರ್ಷ ಬಾಳಿದರೆಂದರೆ ಅದರ ಪುಣ್ಯ ದನಕರುಗಳದ್ದು. ಜಗಳಕ್ಕೆ ಇಬ್ಬರಿಗೂ ಪುರುಸೊತ್ತಿರಲಿಲ್ಲ.

ಬೆರಳಮ್ಮನದೊಂದು ನಿಯಮ ಇತ್ತು. ನರಳುವವರ ಹತ್ತಿರ ಮೊದಲು ಹೋಗಬೇಕು. ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಮೊದಲ ತುತ್ತು ಅವರಿಗೆ. ಕರುಗಳಿಗೂ ಹಾಗೆಯೇ. ಬೆಳಿಗ್ಗೆ ಕೊಟ್ಟಿಗೆಯ ಬಾಗಿಲು ತೆರೆದರೆ ಮಂಕಾಗಿ ಮಲಗಿದ ಕರುವಿನ ಬಳಿ ಮೊದಲು ಕೂರುವಳು, ಹಿಂಭಾಗ ಒರೆಸುವಳು, ಬೆರಳು ಚೀಪಿಸಿ ನಾಲ್ಕು ಗುಟುಕು ಇಳಿಸುವಳು. ಆಮೇಲೆ ಕೈಯನ್ನು ಬಕೆಟ್ ನೀರಿನಲ್ಲಿ ಜಾಲಿಸಿ ಉಳಿದವುಗಳ ಕಡೆ ಹೊರಡುವಳು. ಇದರಲ್ಲಿ ತಪ್ಪು ಹುಡುಕಲು ಯಾರಿಗೆ ತಾನೆ ಮನಸ್ಸು ಬರುತ್ತದೆ? ಯಜಮಾನರಂತೂ ಬಂದವರಿಗೆಲ್ಲ ಅವಳನ್ನು ತೋರಿಸಿ, "ಹೆತ್ತ ತಾಯೀನೂ ಇಷ್ಟು ನೋಡ್ಕೊಳ್ಳಲ್ಲ ನೋಡಿ" ಅನ್ನುತ್ತಿದ್ದರು.

ಚಳಿ ಶುರುವಾದ ಹೊತ್ತಿಗೆ ಹುಟ್ಟಿ ವಾರವಾಗಿದ್ದ ಒಂದು ಕರುವಿಗೆ ಭೇದಿ ಹತ್ತಿತು. ಹಳದಿ ನೀರಿನಂಥ ಸಗಣಿ. ನೋಡನೋಡುತ್ತ ಕಣ್ಣು ಗುಳಿಬಿದ್ದು, ಕಾಲು ಸೋತು, ಕರು ಹುಲ್ಲಿನ ಮೇಲೆ ಕುಸಿಯಿತು. ಅದರ ಹಿಂದೆಯೇ ಇನ್ನೊಂದು. ಬೆರಳಮ್ಮ ಕೂಡಲೇ ತೀರ್ಪು ಕೊಟ್ಟಳು: ಹಾಲಿನದ್ದೇ ದೋಷ.

"ತಣ್ಣಗಿರೋ ಹಾಲು ಕಳಿಸ್ತೀಯಲ್ಲೇ, ಕೂಸುಗಳ ಹೊಟ್ಟೆ ಕೆಡದೆ ಇನ್ನೇನಾಗುತ್ತೆ?" ಎಂದು ನಾದಿನಿಯ ಮೇಲೆ ಹಾರಿಬಿದ್ದಳು.

"ಕರೆದ ಬಿಸಿ ಆರೋಕೆ ಮುಂಚೆ ಕಳಿಸಿದ್ದೀನಿ ಅತ್ತಿಗೆ. ಬೇಕಾದ್ರೆ ಕೈ ಅದ್ದಿ ನೋಡಿ."

"ನಿನ್ನ ಯಂತ್ರ ತೊಳೆದು ಎಷ್ಟು ದಿನ ಆಯ್ತೋ!"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ನಾದಿನಿ ಹಾಗೆ ಬರೆ ಹಾಕಿಸಿಕೊಂಡು ಸುಮ್ಮನಿರುವ ಹೆಂಗಸಲ್ಲ. ಅಂದಿನಿಂದ ಮಾತು ಬಿಟ್ಟಳು. ಒಲೆಯ ಮುಂದೆ ಇಬ್ಬರೂ ಮುಖ ಊದಿಸಿಕೊಂಡು ಕೂರುವರು. ಉಪ್ಪಿನ ಡಬ್ಬಿ ಬೇಕಾದರೂ ನಡುವೆ ಕೂತ ಗಂಡನೇ ದಾಟಿಸಬೇಕು. ಅವನು ಪಾಪ, ಯಾರ ಕಡೆ ತಿರುಗಿದರೂ ಇನ್ನೊಬ್ಬಳ ಕಣ್ಣು ಕೆಂಪಾಗುತ್ತಿದ್ದುದರಿಂದ ತಟ್ಟೆ ನೋಡಿಕೊಂಡೇ ಉಂಡು ಏಳುತ್ತಿದ್ದ.

ಮೊದಲ ಕರು ಸತ್ತಿತು. ಬೆರಳಮ್ಮ ಅದರ ತಲೆಯನ್ನು ತೊಡೆಯಿಂದ ಇಳಿಸಲೊಲ್ಲದೆ ಕೂತಿದ್ದಳು. ಎರಡನೆಯದೂ ಹೋಯಿತು. ಉಳಿದವುಗಳಲ್ಲಿ ಮತ್ತೆ ಕೆಲವು ಮಲಗಿದವು. ಯಜಮಾನರು ಡಾಕ್ಟರಮ್ಮನನ್ನು ಕರೆಸಿದರು. ಆಕೆ ಸಗಣಿಯನ್ನು ಪುಟ್ಟ ಡಬ್ಬಿಗಳಲ್ಲಿ ತುಂಬಿಸಿ ಲ್ಯಾಬಿಗೆ ಕಳಿಸಿ, ವರದಿ ಬರುವವರೆಗೆ ಉಪ್ಪು ಸಕ್ಕರೆ ಪುಡಿ ಕಲಸಿದ ನೀರನ್ನು ಬಾಟಲಿಯಲ್ಲಿ ಕುಡಿಸುತ್ತಿರಿ, ಹಾಲನ್ನೂ ನಿಲ್ಲಿಸಬೇಡಿ ಎಂದು ಹೇಳಿ ಹೋದರು.

ಲ್ಯಾಬಿನ ಸುದ್ದಿ ಹೊತ್ತು ಡಾಕ್ಟರಮ್ಮ ಮತ್ತೆ ಬಂದ ದಿನ ಬೆಳಗಾಗುವಾಗಲೇ ಬಿಳಿಹಣೆ ಕರು ಹಾಕಿತ್ತು. ಬಿಳಿಹಣೆಯೆಂದರೆ ಬೆರಳಮ್ಮ ಈ ಕೆಲಸಕ್ಕೆ ಬಂದ ಹೊಸದರಲ್ಲಿ ಬೆರಳು ಚೀಪಿಸಿ ಬೆಳೆಸಿದ ಹಸು. ಈಗ ಮುದಿಯಾಗಿತ್ತು, ಇದೇ ಅದರ ಕೊನೆಯ ಕರು ಎಂದು ಎಲ್ಲರಿಗೂ ಗೊತ್ತಿತ್ತು. ಹೆಣ್ಣು ಕರು, ತಾಯಿಯದೇ ಹಣೆ. ಅದನ್ನು ಕಾಯಿಲೆ ಕರುಗಳಿಂದ ದೂರ, ತೊಳೆದು ಸುಣ್ಣ ಬಳಿದ ಕೋಣೆಯಲ್ಲಿ ಹೊಸ ಹುಲ್ಲಿನ ಮೇಲೆ ಬಿಟ್ಟಿದ್ದರು. ಇದೊಂದು ಉಳಿದರೆ ಸಾಕೆಂದು ಬೆರಳಮ್ಮ ಬೆಳಗಿನಿಂದ ಒಳಗೊಳಗೇ ಬೇಡಿಕೊಳ್ಳುತ್ತಿದ್ದಳು.

ಡಾಕ್ಟರಮ್ಮ ಮಲಗಿದ ಕರುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಲೇ ಯಜಮಾನರಿಗೆ ಹೇಳಿದರು: "ಇದು ವೈರಸ್ಸು. ರೋಟಾ ಅಂತಾರೆ. ಹಾಲಲ್ಲಿ ಏನೂ ತಪ್ಪಿಲ್ಲ."

"ಹಾಗಾದ್ರೆ ಒಳ್ಳೇ ಇಂಜೆಕ್ಷನ್ ಕೊಟ್ಬಿಡಿ ಡಾಕ್ಟ್ರೇ."

"ವೈರಸ್ಸನ್ನ ಕೊಲ್ಲೋ ಇಂಜೆಕ್ಷನ್ ಇಲ್ಲ. ಮೈಯಲ್ಲಿ ನೀರು ಆರದ ಹಾಗೆ ಕಾಪಾಡ್ಬೇಕು, ಅಷ್ಟೇ. ಇನ್ಮೇಲೆ ಗಬ್ಬದ ಹಸುಗಳಿಗೆ ಲಸಿಕೆ ಹಾಕೋಣ. ಗಿಣ್ಣುಹಾಲಿನ ಜೊತೆ ಆ ಶಕ್ತಿ ಕರುವಿಗೆ ಹೋಗುತ್ತೆ. ಆದ್ರೆ ನನಗೆ ಅರ್ಥ ಆಗದೇ ಇರೋದು ಒಂದೇ. ಇದು ಸಗಣಿಯಲ್ಲಿ ಹೊರಗೆ ಬಂದು ಬಾಯಿಂದ ಒಳಗೆ ಹೋಗೋ ಕಾಯಿಲೆ. ಕರುಗಳನ್ನ ಬೇರೆ ಬೇರೆ ಕಟ್ಟಿದ್ದೀರಿ. ಒಂದರ ಸಗಣಿ ಇನ್ನೊಂದರ ಬಾಯಿಗೆ ಹೇಗೆ ಹೋಗ್ತಿದೆ?"

ಪಕ್ಕದಲ್ಲೇ ಬೆರಳಮ್ಮ ಮಲಗಿದ ಕರುವಿನ ಹಿಂಭಾಗ ಒರೆಸಿ ಮುಗಿಸಿದ್ದಳು. ಕೈಯನ್ನು ಬಕೆಟ್ಟಿನಲ್ಲಿ ಜಾಲಿಸಿದಳು. ನಾದಿನಿ ಬಾಗಿಲಲ್ಲಿ ಇಟ್ಟುಹೋಗಿದ್ದ ಗಿಣ್ಣುಹಾಲಿನ ಪಾತ್ರೆ ಎತ್ತಿಕೊಂಡು ಹೊಸ ಕರುವಿನ ಕೋಣೆಯತ್ತ ದಾಪುಗಾಲು ಹಾಕಿದಳು. ಕರು ಆಗಲೇ ಕತ್ತು ಚಾಚಿ ಬಾಯಿ ತೆರೆದಿತ್ತು.

"ಅಮ್ಮಾ, ನಿಂತ್ಕೊಳ್ಳಿ! ಬೆರಳು ಇಡ್ಬೇಡಿ!" ಡಾಕ್ಟರಮ್ಮ ಕೂಗಿದರು.

ಬೆರಳಮ್ಮ ಹೊಸ್ತಿಲಲ್ಲೇ ನಿಂತಳು. ಡಾಕ್ಟರಮ್ಮ ಹತ್ತಿರ ಬಂದು ಅವಳ ತೋಳನ್ನು ತೋರಿಸಿದರು. ಮೊಣಕೈವರೆಗೆ ಹಳದಿ ಹನಿಗಳು ಒಣಗಿದ್ದವು.

"ನಾನಾ?" ಎಂದಳು ಬೆರಳಮ್ಮ.

ಅಂಗೈ ಹುಣ್ಣಿಗೆ ಕನ್ನಡಿ ಬೇಕಿಲ್ಲ ಅನ್ನುತ್ತಾರೆ. ಇವಳಿಗೆ ಬೇಕಾಗಿತ್ತು. ಸತ್ತ ಕರುಗಳು ಎಷ್ಟು ನಂಬಿಕೆಯಿಂದ ಚೀಪಿದ್ದವೆಂಬುದು ಅವಳ ಕಣ್ಣಿಗೆ ಕಟ್ಟಿತು. ಪಾತ್ರೆಯನ್ನು ಅಲ್ಲೇ ಕಟ್ಟೆಯ ಮೇಲಿಟ್ಟು, ಕೈಗಳನ್ನು ಮೈಯಿಂದ ದೂರ ಹಿಡಿದು ನಿಂತಳು. ಅವು ತನ್ನವಲ್ಲವೇನೋ ಅನ್ನುವ ಹಾಗೆ.

"ನೀವು ಬೇಕಂತ ಮಾಡಿದ್ದಲ್ಲ," ಎಂದರು ಡಾಕ್ಟರಮ್ಮ. "ಆದ್ರೆ ಬರೀ ನೀರಲ್ಲಿ ಜಾಲಿಸಿದ್ರೆ ಇದು ಹೋಗಲ್ಲ. ಬಟ್ಟೆ, ಬೂಟು ಎಲ್ಲದ್ರಲ್ಲೂ ಇರುತ್ತೆ. ಕಾಯಿಲೆ ಕರು ನೋಡೋರು ಒಬ್ರು, ಚೆನ್ನಾಗಿರೋದನ್ನ ನೋಡೋರು ಇನ್ನೊಬ್ರು ಆಗ್ಬೇಕು. ನಾನೂ ಅವನ್ನ ಮುಟ್ಟಿದ್ದೀನಿ, ಒಳಗೆ ಬರಲ್ಲ. ಈ ಹಾಲು ಮಾತ್ರ ಈಗಲೇ ಇದರ ಹೊಟ್ಟೆಗೆ ಹೋಗ್ಬೇಕು."

ಬಾಟಲಿಗಳೆಲ್ಲ ಕಾಯಿಲೆ ಕರುಗಳ ಬಾಯಲ್ಲಿ ಇದ್ದು ಬಂದವೇ. ಯಜಮಾನರು ತಲೆ ಕೆರೆದುಕೊಂಡು, "ಬೆರಳಮ್ಮ, ನೀನು ಸ್ನಾನ ಮಾಡಿ ಬಟ್ಟೆ ಬದಲಿಸಿ ಇದನ್ನ ನೋಡ್ಕೋ. ಮಲಗಿರೋದನ್ನ ಬೇರೆಯವರು ನೋಡ್ಲಿ" ಎಂದರು.

ಅವಳು ಎರಡು ಕಡೆಯೂ ನೋಡಿದಳು. ಆಚೆ ಮಲಗಿದವು ಅವಳ ದನಿ ಕೇಳಿ ತಲೆ ಎತ್ತಲು ಒದ್ದಾಡುತ್ತಿದ್ದವು.

"ಬೇಡ. ಅವಕ್ಕೆ ಇದು ಅಂಟಿಸಿದ್ದು ನಾನು. ಅವು ನನ್ನವು," ಎಂದು ಕಡ್ಡಿ ಮುರಿದಂತೆ ಹೇಳಿ, ಹಾಲು ಕರೆಯುವ ಕೊಟ್ಟಿಗೆಯ ಬಾಗಿಲಿಗೆ ಹೋಗಿ ಹೊರಗಿನಿಂದಲೇ ಕೂಗಿದಳು. "ಏನೇ! ಹಾಲಿನ ವಿಷ್ಯದಲ್ಲಿ ನಾನು ಅಂದಿದ್ದು ತಪ್ಪು ಕಣೆ. ಸೋಪು ಹಾಕಿ ಕೈ ತೊಳ್ಕೊಂಡು ಬಾ. ಹಾಲಿನ ಪಾತ್ರೆ ನಾನು ಮುಟ್ಟಿದ್ದೀನಿ, ಸುರಿದುಕೊಳ್ಳೋಕೆ ತೊಳೆದ ಬೇರೆ ಪಾತ್ರೆ ತಗೊಂಡ್ಬಾ. ಬಿಳಿಹಣೆ ಕರುವಿಗೆ ಹಾಲು ಕುಡಿಸ್ಬೇಕು."

ನಾದಿನಿ ಬಂದಳು. ಏನಾಯಿತೆಂದು ಡಾಕ್ಟರಮ್ಮನ ಬಾಯಲ್ಲಿ ಕೇಳಿದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಚುಚ್ಚುವ ಮಾತು ಅವಳ ನಾಲಗೆ ತುದಿಯವರೆಗೆ ಬಂದಿತ್ತು. ಅತ್ತಿಗೆಯ ಮುಖ ನೋಡಿ ನುಂಗಿಕೊಂಡಳು.

"ನನಗೆ ಬರಲ್ಲ ಅತ್ತಿಗೆ. ಒದ್ದು ಚೆಲ್ಲಿಬಿಟ್ರೆ?"

"ಚೆಲ್ಲಲ್ಲ. ನಾನು ಇಲ್ಲಿಂದ ಹೇಳ್ತೀನಿ. ಗೋಡೆಗೆ ಒರಗಿಸಿ ನಿಲ್ಲಿಸ್ಕೋ. ಬೆರಳು ನಾಲಗೆ ಮೇಲೆ ಇಡು, ಉಗುರು ಕೆಳಗಿರ್ಲಿ. ಹೆದರ್ಬೇಡ, ಅದಕ್ಕೆ ಹಲ್ಲಿಗಿಂತ ಹಸಿವು ಜಾಸ್ತಿ. ಹಾಂ, ಚೀಪ್ತಾ? ಈಗ ಕೈ ಇಳಿಸು. ನಿಧಾನ ಕಣೆ, ಮೂಗು ಮುಳುಗಿಸ್ಬೇಡ!"

ಕರು ಒಮ್ಮೆ ಸೀನಿ ನಾದಿನಿಯ ಮುಖಕ್ಕೆ ಹಾಲು ಸಿಡಿಸಿತು. ಎರಡನೇ ಸಲ ಹಿಡಿದ ಬೆರಳು ಬಿಡಲಿಲ್ಲ. ಪಾತ್ರೆ ಬರಿದಾಗುವವರೆಗೆ ಬೆರಳಮ್ಮ ಹೊಸ್ತಿಲಾಚೆ ನಿಂತು ಕಣ್ಣೀರು ಸುರಿಸಿದಳು. ಆ ಕೈಯಿಂದ ಒರೆಸಿಕೊಳ್ಳಲೂ ಅವಳಿಗೆ ಧೈರ್ಯವಿರಲಿಲ್ಲ.

ಆ ಚಳಿಗಾಲವಿಡೀ ಅವಳು ಮಲಗಿದ ಕರುಗಳ ಮಧ್ಯೆಯೇ ಇದ್ದಳು. ಒಂದು ಹೋಯಿತು, ಉಳಿದವು ಎದ್ದು ನಿಂತವು. ಬಿಳಿಹಣೆಯ ಕರುವಿಗೆ ಒಂದು ದಿನವೂ ಭೇದಿ ಆಗಲಿಲ್ಲ.

ಈಗ ಅದು ಬೆಳೆದು ಹರೆಯದ ಪಡ್ಡೆ. ಬೆರಳಮ್ಮ ಬೇಲಿಯ ಪಕ್ಕ ನಡೆದರೆ ಉಳಿದವೆಲ್ಲ ಓಡಿಬಂದು ಅವಳ ಕೈ ಮೂಸುತ್ತವೆ. ಅದೊಂದು ಮಾತ್ರ ಮೇಯುತ್ತಿದ್ದಲ್ಲಿಂದ ತಲೆ ಎತ್ತುವುದಿಲ್ಲ.

"ಕೊಬ್ಬು ನೋಡಿ ಅದಕ್ಕೆ," ಎಂದಳು ಒಮ್ಮೆ ನಾದಿನಿ. "ನಿಮ್ಮ ಗುರುತೇ ಇಲ್ಲ."

"ಇಲ್ದೇ ಇರ್ಲಿ ಬಿಡೇ," ಎಂದಳು ಬೆರಳಮ್ಮ. "ನನ್ನ ಬೆರಳಿನ ಗುರುತು ಹತ್ತಿದ್ದಿದ್ರೆ ಅದು ಉಳೀತಿರ್ಲಿಲ್ಲ."